ಆರರಿಂದ ಒಂಬತ್ತು

ನಮ್ಮ ಮೇಲ್ವಿಚಾರಕನಿಗೆ ನಾವಿಟ್ಟ ಹೆಸರು ‘ಹದಿನೈದು ನಿಮಿಷ’. ಯಾವ ಕೆಲಸ ಹೇಳಿದರೂ ಅವನ ಬಾಯಲ್ಲಿ ಅದು ಹದಿನೈದು ನಿಮಿಷದ್ದು. ಒಂದು ದಿನವಾದರೂ ಪೊರಕೆ ಹಿಡಿದಿದ್ದರೆ ಗೊತ್ತಾಗುತ್ತಿತ್ತು.

ಆಫೀಸಿನ ಮೂವತ್ತೆರಡು ಕೋಣೆಗಳ ಚಾವಣಿಗೂ ಸೋಪಿನ ಬಿಲ್ಲೆಯಷ್ಟು ಬಿಳಿ ಡಬ್ಬಿ ಅಂಟಿಸಿದವನು ಅವನೇ. ವೈರಿಲ್ಲ, ಸದ್ದಿಲ್ಲ. ಒಳಗೆ ಯಾರಾದರೂ ಅಲುಗಾಡಿದರೆ ಆ ಸೆನ್ಸರ್ ಅವನ ಫೋನಿಗೆ ತಿಳಿಸುತ್ತದೆ. ಜನ ಬಾರದ ಕೋಣೆಯನ್ನು ಗುಡಿಸಬೇಕಿಲ್ಲ. ತಿಂಗಳ ಕೊನೆಗೆ ಅರ್ಧಕ್ಕರ್ಧ ಖಾಲಿಯೆಂದು ಬಂದರೆ ಕೆಲಸಕ್ಕೆ ನಮ್ಮಿಬ್ಬರ ಬದಲು ಒಬ್ಬಳು ಸಾಕು. ಹೋಗಬೇಕಾದವರು ಕೊನೆಗೆ ಸೇರಿದವರು, ಅಂದರೆ ಅತ್ತಿಗೆ. ಅಣ್ಣ ಸೊಂಟ ಮುರಿದು ಮಲಗಿದ ಮೇಲೆ ಅವರಿವರ ಕೈಕಾಲು ಹಿಡಿದು ಅತ್ತಿಗೆಯನ್ನು ಇಲ್ಲಿ ಕೆಲಸಕ್ಕೆ ಸೇರಿಸಿದವಳು ನಾನು.

ಉಪಾಯ ಹೊಳೆದದ್ದೂ ನನ್ನ ಹಾಳು ತಲೆಗೇ.

“ಅತ್ತಿಗೆ, ಖಾಲಿ ಕೋಣೇಲಿ ನಾವೇ ಕೂತ್ರೆ?”

“ಕೂತು ಏನೇ ಮಾಡೋದು?”

“ಕೈ ಆಡಿಸೋದು. ಆ ಡಬ್ಬಿಗೆ ಮುಖ ಕಾಣಲ್ವಂತೆ.”

ಮರುದಿನದಿಂದ ಬೆಳಗ್ಗೆ ಆರಕ್ಕೇ ಬಂದು, ಖಾಲಿ ಕೋಣೆಗಳನ್ನು ಹಂಚಿಕೊಂಡು, ಒಂದೊಂದರಲ್ಲೂ ಐದೈದು ನಿಮಿಷ ಕೂತೆವು. ಎಂಟು ವರ್ಷ ಒರೆಸಿದ ಕುರ್ಚಿಗಳು ಅಷ್ಟು ಮೆತ್ತಗಿವೆಯೆಂದು ನನಗೆ ಗೊತ್ತೇ ಇರಲಿಲ್ಲ. ಒಂದು ದಿನ ಹೋಗಿ ನೋಡಿದರೆ ಅತ್ತಿಗೆ ಕೂತಲ್ಲೇ ನಿದ್ದೆ ಹೋಗಿದ್ದರು. ಎಬ್ಬಿಸಲು ಮನಸ್ಸಾಗದೆ ಅವರ ಪಾಲಿನ ಕೈಯನ್ನೂ ನಾನೇ ಆಡಿಸಿ ಬಂದೆ.

ಆದರೆ ಆ ಡಬ್ಬಿಗಳ ಲೆಕ್ಕದ ಮೇಲೆ ಏಳಕ್ಕೆ ಬರುವ ಕೆಲಸದ ಪಟ್ಟಿಯಲ್ಲಿ ನಾವು ಕೂತೆದ್ದ ಕೋಣೆಗಳೂ ಇರುತ್ತಿದ್ದವು. ಒಂದೆಳೆ ಕಸವಿಲ್ಲದ ನೆಲವನ್ನು ಒಂಬತ್ತರವರೆಗೆ ಒರೆಸಿ ಒರೆಸಿ ಮಂಡಿ ಹಿಡಿದುಕೊಂಡಿತು. ಮನೆಗೆ ಹೋದರೆ ಊಟವೂ ಬೇಡವೆನಿಸುತ್ತಿತ್ತು.

ತಿಂಗಳ ಕೊನೆಗೆ ಹದಿನೈದು ನಿಮಿಷ ಇಬ್ಬರನ್ನೂ ಕರೆದ.

“ಪಟ್ಟಿ ಪ್ರಕಾರ ಇಪ್ಪತ್ತೊಂಬತ್ತು ಕೋಣೆ ಬಳಕೇಲಿವೆ ಸಾರ್,” ಎಂದೆ, ಅವನು ಬಾಯಿ ಬಿಡುವ ಮೊದಲೇ.

“ಹನ್ನೊಂದಮ್ಮಾ. ದಿನದ ಪಟ್ಟಿ ಬೇರೆ, ತಿಂಗಳ ವರದಿ ಬೇರೆ. ಆರರಿಂದ ಒಂಬತ್ತು ವರದಿಗೆ ಹಾಕಲ್ಲ. ಆಗ ಒಳಗಿರೋದು ನೀವಿಬ್ರೇ ತಾನೆ?”

“ನಾವಿದ್ರೆ?”

“ಶುಚಿ ಮಾಡೋರನ್ನ ಲೆಕ್ಕಕ್ಕೆ ಹಿಡಿಯಲ್ಲ.”

ಮೈ ಉರಿದುಹೋಯಿತು.

ಅತ್ತಿಗೆ ಮಾತ್ರ ಮೆಲ್ಲಗೆ ಕೇಳಿದರು, “ನಾಳೆಯಿಂದ ಬರೋದು ಬೇಡ್ವಾ, ಇಲ್ಲಾ ಈಗ್ಲೇ ಹೊರಡ್ಲಾ?”

ಅವನು ಫೋನು ನೋಡಿದ. ಅದರಲ್ಲಿ ಆ ಉತ್ತರ ಇದ್ದಂತಿರಲಿಲ್ಲ.

“ಹಿಡಿದ ಕೋಣೆ ಮುಗಿಸಿ ಹೋಗ್ತೀನಿ,” ಎಂದು ಅತ್ತಿಗೆ ಬಕೆಟ್ಟು ಎತ್ತಿಕೊಂಡರು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಅವರು ಮೂಲೆಯನ್ನೂ ಬಿಡದೆ ಒರೆಸುತ್ತಿದ್ದರು.