ಹೊಗೆಯಿಲ್ಲದ ಕೆಂಡ

"ಅಮ್ಮಾ, ಬಾಗ್ಲು ಹಾಕು! ತೇವ ಎಲ್ಲಾ ಹೊರಗೆ ಹೋಗ್ತೈತೆ!"

ಮಹಾಂತೇಶ ಬಚ್ಚಲುಮನೆಯಿಂದಲೇ ಕೂಗಿದ. ಬಾಯಿ ತುಂಬ ಪೇಸ್ಟಿನ ನೊರೆ ಬೇರೆ. ಶಂಕ್ರಮ್ಮ ನಡುಕೋಣೆಯ ಹೊಸ್ತಿಲಲ್ಲಿ ಒಂದು ಕೈಯಲ್ಲಿ ಮೆಂತ್ಯದ ಗಂಜಿ, ಇನ್ನೊಂದರಲ್ಲಿ ಕೂಸಿನ ಬಟ್ಟೆ ಹಿಡಿದು ನಿಂತಿದ್ದಳು. ಬಾಗಿಲನ್ನು ಯಾವ ಕೈಯಿಂದ ಹಾಕಬೇಕೆಂದು ಮಗನೇ ಹೇಳಬೇಕಿತ್ತು.

"ಈ ಮನ್ಯಾಗೆ ಹಡೆದಾಕಿ ನಿಮ್ಮಕ್ಕನೋ, ನಿನ್ನ ಗಿಡಾನೋ?" ಎಂದು ಬೈಯುತ್ತಾ ಹಿಮ್ಮಡಿಯಿಂದ ಬಾಗಿಲು ತಳ್ಳಿದಳು.

ಗಿಡದ ಹೆಸರು ಕೆಲೇಥಿಯ. ಶಂಕ್ರಮ್ಮನ ನಾಲಿಗೆಗೆ ಅದು ಹತ್ತಿರಲಿಲ್ಲ, ಅವಳು ಅದನ್ನು ಮಹಾರಾಣಿ ಎನ್ನುತ್ತಿದ್ದಳು. ಶಿವಮೊಗ್ಗದ ನರ್ಸರಿಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದ ಗಿಡ. ಚಳಿಗಾಲದ ಒಣಗಾಳಿ ಬೀಸಿತೋ, ಎಲೆಯ ಅಂಚು ಸುಟ್ಟಂತೆ ಕಂದಾಗುತ್ತಿತ್ತು. ಅದಕ್ಕೇ ಮಹಾಂತೇಶ ನಡುಕೋಣೆಯ ಕಿಟಕಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದ, ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಅಂಟಿಸಿದ್ದ, ತಣ್ಣನೆಯ ಮಂಜು ಉಗುಳುವ ಮಷೀನು ಇಟ್ಟಿದ್ದ. ಗಾಳಿಯ ತೇವ ಎಷ್ಟೆಂದು ತೋರಿಸುವ ಪುಟ್ಟ ಮೀಟರನ್ನು ಗೋಡೆಗೆ ತೂಗುಹಾಕಿದ್ದ. ಚನ್ನಗಿರಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನಿಗೆ ಇಷ್ಟೊಂದು ಸೇವೆ ಮಾಡುವ ತಾಳ್ಮೆ ಎಲ್ಲಿಂದ ಬಂತೋ. ಮುಂದೆ ಹೆಂಡತಿ ಬಂದರೆ ಅವಳಿಗೆ ಇದರಲ್ಲಿ ಕಾಲುಭಾಗವಾದರೂ ಉಳಿಯಲಿ.

ಕೋಣೆ ಹೀಗೆ ಸಜ್ಜಾಗುವಷ್ಟರಲ್ಲಿ ಅಕ್ಕ ವಾಣಿಶ್ರೀ ನ್ಯಾಮತಿಯಿಂದ ಹೆರಿಗೆಗೆಂದು ತವರಿಗೆ ಬಂದಿದ್ದಳು. ಗಂಡುಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದವಳನ್ನು ಎಲ್ಲಿ ಮಲಗಿಸುವುದೆಂದು ಮನೆಯೆಲ್ಲ ಸುತ್ತಿದ ಶಂಕ್ರಮ್ಮ ನಡುಕೋಣೆಯಲ್ಲಿ ನಿಂತು ಅಂಗೈ ಚಾಚಿ ನೋಡಿದಳು. ಎಲ್ಲಿಂದಲೂ ಗಾಳಿ ನುಸುಳುತ್ತಿರಲಿಲ್ಲ.

"ಬಾಣಂತಿಗೆ ಅಂತಾನೇ ಮಾಡಿಸ್ದಂಗೈತಲ್ಲೋ!"

ಜಗಳ ಶುರುವಾದದ್ದು ಆಮೇಲೆ. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಲ್ಲದಿದ್ದರೆ ಹೇಗೆ? ಕೂಸಿಗೆ ಎಣ್ಣೆ ನೀರು ಹಾಕಿದ ಮೇಲೆ ಮೈ ಕಾಸಬೇಡವೇ? ಕೆಂಡದ ಹೊಗೆಗೆ ಎಲೆ ಕಪ್ಪಾಗುತ್ತದೆ ಎಂದು ಮಗ. ಮಷೀನಿನ ಮಂಜಿಗೆ ಬಾಣಂತಿಗೆ ಥಂಡಿಯಾಗುತ್ತದೆ ಎಂದು ತಾಯಿ. ಒಂದಿಡೀ ದಿನ ಮಾತು ಬಿಟ್ಟರು. ಕೊನೆಗೆ ಶಂಕ್ರಮ್ಮನೇ ದಾರಿ ಹುಡುಕಿದಳು. ಇದ್ದಿಲನ್ನು ಹಿತ್ತಲಲ್ಲೇ ಹೊತ್ತಿಸಿ, ಹೊಗೆಯೆಲ್ಲ ಹೋಗಿ ನಿಗಿನಿಗಿ ಎನ್ನುವಾಗ ಒಳಗೆ ತರುವುದು, ಅದರ ಮೇಲೊಂದು ಪಾತ್ರೆ ನೀರಿಡುವುದು. ಕೂಸಿಗೆ ಬೆಚ್ಚಗೆ, ಗಿಡಕ್ಕೆ ಹಬೆ. ಮಷೀನು ಅಟ್ಟ ಸೇರಿತು. ತಾಯಿ ಮಗ ಇಬ್ಬರೂ ಗೆದ್ದ ಜಗಳ ಆ ಮನೆಯಲ್ಲಿ ಅದೇ ಮೊದಲು.

ಹೊಗೆ ಇಲ್ಲವೆಂದರೆ ಅಪಾಯವೂ ಇಲ್ಲವೆಂದು ಇಬ್ಬರೂ ನಂಬಿದರು. ಶಂಕ್ರಮ್ಮನ ಬಾಣಂತನಗಳು ನಡೆದದ್ದು ಸಂತೇಬೆನ್ನೂರಿನ ಹೆಂಚಿನ ಮನೆಯಲ್ಲಿ, ಹೆಂಚಿನ ಸಂದಿಯಲ್ಲಿ ಗಾಳಿ ತನ್ನ ಪಾಡಿಗೆ ತಾನು ಓಡಾಡುತ್ತಿತ್ತು. ಇದು ಆರ್‌ಸಿಸಿ ಮನೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಸುಮ್ಮನೆ ಕೂರುವುದಿಲ್ಲ, ಬಣ್ಣವೂ ವಾಸನೆಯೂ ಇಲ್ಲದ ವಿಷ ಬಿಡುತ್ತಲೇ ಇರುತ್ತದೆ. ಹೊಗೆ ಇದ್ದಿದ್ದರೆ ಕೆಮ್ಮಾದರೂ ಬರುತ್ತಿತ್ತು, ಯಾರಾದರೂ ಬಾಗಿಲು ತೆಗೆಯುತ್ತಿದ್ದರು.

"ಅಮ್ಮಾ, ತಲೆ ಸಿಡೀತೈತೆ. ಹೊಟ್ಟೆ ತೊಳಸ್ದಂಗಾಗ್ತೈತೆ," ಎಂದಳು ವಾಣಿಶ್ರೀ, ಕೆಂಡ ಒಳಗೆ ಬಂದ ಮರುದಿನ. "ಬಚ್ಚಲಿಗೆ ಹೋದಾಗ ಒಂಚೂರು ಹಗುರಾಗ್ತೈತೆ. ಬಾಗ್ಲು ತೆಗ್ದಿಡು."

"ಬಚ್ಚಲಿಗೆ ಹೋಗಿದ್ದಕ್ಕೇ ಥಂಡಿ ಹೊಕ್ಕೈತೆ," ಎಂದಳು ಶಂಕ್ರಮ್ಮ. ಮಗಳ ತಲೆಗೆ ಇನ್ನೊಂದು ಸುತ್ತು ಬಟ್ಟೆ ಕಟ್ಟಿ, ಹಿತ್ತಲಿನಿಂದ ಇನ್ನಷ್ಟು ಕೆಂಡ ತಂದು ಸುರಿದಳು. ಪ್ರೀತಿಯಿಂದಲೇ ಸುರಿದಳು.

ಸಂಜೆ ಮಹಾಂತೇಶ ಗಿಡದ ಎಲೆ ಒರೆಸಲು ಬಂದಾಗ ವಾಣಿಶ್ರೀ ಅವನ ಅಂಗಿ ಹಿಡಿದು ಜಗ್ಗಿದಳು.

"ಮಾಂತೇಶ, ಆ ಪ್ಲಾಸ್ಟಿಕ್ ಒಂಚೂರು ಕೀಳೋ. ಉಸಿರಾಡಾಕೆ ಆಗವಲ್ದು."

"ಇನ್ನೊಂದು ನಾಕು ದಿನ ತಡ್ಕಾ ಅಕ್ಕ. ಹೊಸ ಎಲೆ ಬಿಚ್ಚಾಕೆ ಹತ್ತೈತೆ. ಈಗ ಗಾಳಿ ಬಿಟ್ರೆ ಸುಳೀನೇ ಒಣಗಿ ಹೋಗ್ತೈತೆ."

ಸುರುಳಿ ಸುತ್ತಿಕೊಂಡಿದ್ದ ಎಳೆ ಎಲೆಯನ್ನು ತೋರಿಸಿದ. ಅವಳು ಅದನ್ನು ನೋಡಿ, ತಮ್ಮನ ಮುಖ ನೋಡಿ, ಅಂಗಿ ಬಿಟ್ಟಳು. ಚಿಕ್ಕವನಿದ್ದಾಗಿನಿಂದ ಅವನು ಕೇಳಿದ್ದಕ್ಕೆ ಇಲ್ಲ ಎನ್ನುವುದು ಅವಳಿಗೆ ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ತಾಯಿಗೂ ಕೂಸಿಗೂ ಎಣ್ಣೆ ನೀರಾಯಿತು. ಶಂಕ್ರಮ್ಮ ಇಬ್ಬರನ್ನೂ ಮಲಗಿಸಿ, ಕೆಂಡ ತುಂಬಿ, ಪಾತ್ರೆಗೆ ನೀರು ಹೊಯ್ದು, ಬಾಗಿಲೆಳೆದುಕೊಂಡು ಬಂದಳು.

ಮಧ್ಯಾಹ್ನ ಊಟಕ್ಕೆ ಬಂದ ಮಹಾಂತೇಶ ಚಪ್ಪಲಿ ಬಿಟ್ಟವನೇ ನಡುಕೋಣೆಗೆ ನುಗ್ಗಿದ. ಎಲೆ ಬಿಚ್ಚಿಕೊಂಡಿತ್ತು. ತಿಳಿಹಸಿರಿನ ಮೇಲೆ ಯಾರೋ ಕುಂಚ ಎಳೆದ ಹಾಗೆ ಗೆರೆಗಳು. ತುದಿಯಲ್ಲಿ ನೀರಿನ ಹನಿ. ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಬಗ್ಗಿ, ಮಂಡಿಯೂರಿ, ಫೋಟೋ ತೆಗೆದ.

"ಅಕ್ಕಾ, ನೋಡಿಲ್ಲಿ!"

ವಾಣಿಶ್ರೀ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕೆನ್ನೆ ಕೆಂಪಗೆ ಹೊಳೆಯುತ್ತಿತ್ತು. ಕೂಸು ಅವಳ ತೋಳಿನ ಮಡಿಕೆಯಲ್ಲಿತ್ತು. ಪಾಪ, ನಿದ್ದೆ ಹತ್ತಿದೆ ಎಂದುಕೊಂಡು ತುದಿಗಾಲಲ್ಲಿ ಹೊರಬಂದು ಬಾಗಿಲು ಭದ್ರ ಮಾಡಿದ.

ಪಡಸಾಲೆಯಲ್ಲಿ ಹಿಂದಿನ ಬೀದಿಯ ಲಕ್ಷ್ಮೀದೇವಿ ಕೂಸಿಗೆಂದು ತಾನೇ ಹೆಣೆದ ಕುಲಾವಿ ಹಿಡಿದು ಬಂದು ಕುಳಿತಿದ್ದಳು. ಶಂಕ್ರಮ್ಮ ಸ್ಟೀಲ್ ತಟ್ಟೆಯಲ್ಲಿ ಅಕ್ಕಿ ಆರಿಸುತ್ತಾ ಮೆಲ್ಲಗೆ ಮಾತಾಡೆಂದು ಸನ್ನೆ ಮಾಡಿದಳು.

"ಮಲಗ್ಯಾರೆ. ಮುಖ ನೋಡ್ಬೇಕಿತ್ತು ನೀನು, ಎಷ್ಟು ಕೆಂಪಗಾಗ್ಯಾಳೆ ಅಂತೀಯ! ಬಾಣಂತನ ಮೈಗೆ ಹಿಡ್ದೈತೆ."

"ಕೂಸು ಕಾಟ ಕೊಡಲ್ಲೇನ್ರಿ?"

"ನೀರು ಹಾಕಿ ಮಲಗ್ಸಿದ್ದು, ಒಂದ್ಸಲನೂ ಅತ್ತಿಲ್ಲ."

ಮಹಾಂತೇಶ ಫೋಟೋ ತೋರಿಸಲು ಮೊಬೈಲು ಮುಂದೆ ಹಿಡಿದ. ಲಕ್ಷ್ಮೀದೇವಿ ಅದನ್ನು ನೋಡಲಿಲ್ಲ. ಅವಳು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

"ಬೆಳಿಗ್ಗೆ ಮಲಗಿದ್ದೇನ್ರಿ? ಹಾಲು ಕುಡ್ಯಾಕೂ ಎದ್ದಿಲ್ಲೇನು?"

ಶಂಕ್ರಮ್ಮನ ಬೆರಳು ಅಕ್ಕಿಯಲ್ಲೇ ನಿಂತಿತು. ಧಡಕ್ಕನೆ ಎದ್ದಳು. ತೊಡೆಯ ಮೇಲಿದ್ದ ತಟ್ಟೆ ಜಾರಿ ನೆಲಕ್ಕೆ ಬಡಿದು, ಅಕ್ಕಿ ಚೆಲ್ಲುತ್ತಾ, ಠಣಠಣ ಎಂದು ನಡುಕೋಣೆಯ ಬಾಗಿಲವರೆಗೂ ಉರುಳಿಹೋಯಿತು.

ಆ ಸದ್ದಿಗೆ ಯಾವ ಕೂಸಾದರೂ ಬೆಚ್ಚಿ ಅಳಬೇಕಿತ್ತು.