ಕಿಟಕಿ ಇರುವ ಕೋಣೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ಹಿರಿಯರು. ಪೆಟ್ಟಿಗೆ ಇದ್ದಷ್ಟು ಹೆಂಡತಿಯನ್ನು ಮಡಚು ಎನ್ನುತ್ತಾರೆ ನಮ್ಮ ಭಾವ. ಈಗಲೇ ನಗಬೇಡಿ, ನಗುವ ಜಾಗ ಮುಂದಿದೆ, ಬಂದಾಗ ನಾನೇ ತೋರಿಸುತ್ತೇನೆ. ಇದು ನಡೆದದ್ದು ನಡೆದ ಹಾಗೆ. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಎಲ್ಲೋ ನಿಂತುಹೋದ ರೈಲನ್ನು 'ಇನ್ನು ಕೆಲವೇ ಕ್ಷಣಗಳಲ್ಲಿ' ಎಂದು ಸಾರುವುದು ನನ್ನ ಹೊಟ್ಟೆಪಾಡು. ಮನೆಗೆ ಬಂದ ಮೇಲೂ ಅದೇ ಕೆಲಸ ಮಾಡಲು ನನಗೇನು ಓವರ್‌ಟೈಮ್ ಕೊಡುವುದಿಲ್ಲ.

ಭಾವ ಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಅಕ್ಕ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ಮದುವೆಯಾದಾಗಿನಿಂದ ಇಬ್ಬರೂ ಒಟ್ಟಿಗೆ ಒಂದು ಊರು ನೋಡಿದವರಲ್ಲ. ಹೊರಡೋಣವೆಂದಾಗಲೆಲ್ಲ ಒಂದು ಸಲ ಸೇಬಿನ ಸೀಸನ್ನು, ಇನ್ನೊಂದು ಸಲ ಕಿತ್ತಳೆಯದು. ಯಾವ ಹಣ್ಣೂ ಇಲ್ಲದಾಗ ಕಂಪ್ರೆಸರ್ ಕೈಕೊಡುತ್ತಿತ್ತು. ಈ ವರ್ಷ ಹಳೆ ಯಂತ್ರಗಳನ್ನೆಲ್ಲ ಕಿತ್ತು ಹೊಸದು ಕೂರಿಸಲು ಮಾಲೀಕರೇ ಬಾಗಿಲು ಹಾಕಿಸಲು ಹೊರಟರು. ಅಕ್ಕ ಮಿಷನ್ನಿನ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರವನ್ನು ಕಿತ್ತು ಗಂಡನ ತಟ್ಟೆಯ ಪಕ್ಕ ಇಟ್ಟಳು. ಹಿಮದ ಗುಡ್ಡಗಳ ನಡುವೆ ಒಂದು ಬಿಳಿ ಹಡಗು. ಭಾವ ಊಟ ಮುಗಿಸಿ, ಕೈ ತೊಳೆದು, ಆಗಲಿ ಎಂದರು.

ಅಂದಿನಿಂದ ಸಿಕ್ಕಸಿಕ್ಕವರಿಗೆಲ್ಲ ಒಂದೇ ಮಾತು: "ನನಗೇನ್ರೀ, ದಿನಾ ಚಳೀಲೇ ಬಿದ್ದಿರ್ತೀನಿ. ಇವಳಿಗೋಸ್ಕರ ಹೊರಟಿದ್ದು."

ಹಡಗಿನಲ್ಲೇ ಉಂಡು ಮಲಗಿ ಸುತ್ತುವ ಈ ಪ್ರವಾಸಕ್ಕೆ ಕ್ರೂಸ್ ಎಂದು ಹೆಸರು. ತಯಾರಿ ಶುರುವಾದ ಮೇಲೆ ನಾನು ಅದನ್ನು ಕ್ರೂರ್ಸ್ ಎಂದು ಕರೆದೆ. ಏಕೆಂದರೆ ಭಾವ ಪೆಟ್ಟಿಗೆ ತುಂಬುವುದು ಉಗ್ರಾಣ ತುಂಬಿದ ಹಾಗೆಯೇ. ಭಾರದ ಮಾಲು ಕೆಳಗೆ, ಮೊದಲು ಬೇಕಾದದ್ದು ಮೇಲೆ, ಸಂದು ಖಾಲಿ ಬಿಡಬಾರದು. ಅವರ ಕೋಟು, ಅವರ ಬೂಟು, ಅವರ ಬೈನಾಕ್ಯುಲರ್ ಮಾಲು. ಅಕ್ಕನದೆಲ್ಲ ಸಂದಿಗೆ. ಅವಳ ಕಾಲುಚೀಲ ಅವರ ಬೂಟಿನ ಹೊಟ್ಟೆಗೆ ಹೋಯಿತು, ಅವಳ ಮಫ್ಲರು ಅವರ ಶೇವಿಂಗ್ ಲೋಷನ್ ಬಾಟಲಿಗೆ ಸುತ್ತಿಕೊಂಡಿತು.

"ನನಗೂ ಒಂದು ಬ್ಯಾಗ್ ಬೇಡ್ವಾ?" ಎಂದಳು ಅಕ್ಕ.

"ಗಂಡ ಹೆಂಡ್ತಿ ಅಂದ್ಮೇಲೆ ಒಂದೇ ಪೆಟ್ಟಿಗೆ," ಎಂದರು ಭಾವ. ಕೇಳಿದವರು ಆಹಾ ಎನ್ನಬೇಕು.

ಅವಳು ಕೇಳಿದ ಇನ್ನೊಂದೇ ವಸ್ತು ಕಿಟಕಿ. ಹಡಗಿನಲ್ಲಿ ಕಿಟಕಿ ಇರುವ ಕೋಣೆ, ಇಲ್ಲದ ಕೋಣೆ ಎಂದು ಎರಡು ಜಾತಿ. "ಏನಿದೆ ನೋಡೋಕೆ? ನೀರು. ನೋಡಿದ್ದೇ ನೋಡ್ಬೇಕು," ಎಂದು ಭಾವ ಕಿಟಕಿ ಇಲ್ಲದ್ದನ್ನೇ ಗೊತ್ತುಮಾಡಿದರು.

ಆಮೇಲೆ ಪರೀಕ್ಷೆ. ಬೇರೆ ಮನೆಯವರು ಸ್ವೆಟರನ್ನು ಕನ್ನಡಿಯ ಮುಂದೆ ಹಾಕಿ ನೋಡುತ್ತಾರೆ. ನಮ್ಮವರು ಕೋಲ್ಡ್ ಸ್ಟೋರೇಜಿನೊಳಗೆ ಹಾಕಿ ನೋಡಿದರು. ಯಂತ್ರ ಕೀಳುವ ಮುಂಚಿನ ಕೊನೆಯ ವಾರ, ಮಾಲೆಲ್ಲ ಖಾಲಿಯಾಗಿದ್ದಾಗ, ಭಾವ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಪ್ಲಾಸ್ಟಿಕ್ ಪಟ್ಟಿಗಳ ಪರದೆ ಸರಿಸಿದರೆ ಹಳೇ ಸೇಬಿನ ವಾಸನೆ, ಬಾಯಿಂದ ಹೊಗೆ. ಅಕ್ಕ ತಾನೇ ಹೆಣೆದ ಸ್ವೆಟರು, ಟೋಪಿ ತೊಟ್ಟು ಖಾಲಿ ಕ್ರೇಟಿನ ಮೇಲೆ ಕೂತಳು. ನಾನು ಒಳಗೆ ಹೋದಷ್ಟೇ ಬೇಗ ಹೊರಗೆ ಬಂದೆ. ಸ್ವಲ್ಪ ಹೊತ್ತಿಗೆ ಭಾವನೂ ಮೂಗು ಒರೆಸಿಕೊಂಡು, "ಥರ್ಮಾಮೀಟರ್ ನೋಡ್ಬೇಕು" ಎಂದು ನೆಪ ಹೇಳಿ ಬಂದರು. ಅಕ್ಕ ಕೂತೇ ಇದ್ದಳು. ಕರೆದರೆ, "ತಡೀರಿ, ಹಡಗಲ್ಲಿ ಹಿಂಗೇ ಇರುತ್ತಲ್ವಾ?" ಎಂದಳು. ಎದುರಿಗಿದ್ದದ್ದು ಬರೀ ತಗಡಿನ ಗೋಡೆ. ಅದನ್ನೇ ಸಮುದ್ರ ನೋಡುವಂತೆ ನೋಡುತ್ತಿದ್ದಳು.

"ಪಾಸು," ಎಂದರು ಭಾವ, ಹೊರಗೆ ಬಿಸಿಲಿನಲ್ಲಿ ನಿಂತು ನಡುಗುತ್ತ.

ಹೊರಡಲು ಮೂರು ದಿನ ಇದೆ ಎನ್ನುವಾಗ ಅಕ್ಕ ನನ್ನನ್ನು ತಾರಸಿಗೆ ಕರೆದಳು. ಒಗೆದ ಉಣ್ಣೆ ಬಟ್ಟೆ ಒಣಗುತ್ತಿತ್ತು.

"ಗಿಳಿ, ನಿನ್ನ ಹೆಣ್ಣು ದನಿ ಇನ್ನೂ ಬರುತ್ತಾ?"

ಚಿಕ್ಕಂದಿನಿಂದ ನಾನು ಅವಳಿಗೆ ಗಿಳಿ. ಮನೆಗೆ ಬಂದು ಹೋದವರ ದನಿಯನ್ನೆಲ್ಲ ಅವರು ಗೇಟು ದಾಟುವ ಮೊದಲೇ ಆಡಿ ತೋರಿಸುತ್ತಿದ್ದೆ.

"ಯಾವ ಹೆಣ್ಣು ಬೇಕು? ಗಂಟಲು ಕೆಟ್ಟ ಹೆಡ್‌ಮಿಸ್ಸಾ, ಸಾಲದ ಕಾರ್ಡು ಮಾರೋ ಸುಂದರಿನಾ?"

"ಹಡಗಿನ ಆಫೀಸಿನ ಹುಡುಗಿ. ಒಂದೇ ಜಾಗ ಉಳಿದಿದೆ, ಒಬ್ರೇ ಬನ್ನಿ ಅಂತ ನಿಮ್ಮ ಭಾವಂಗೆ ಫೋನ್ ಮಾಡು."

"ಅಯ್ಯೋ, ಕೋಪದಲ್ಲಿ ಫೋನೇ ಕಚ್ಚಿ ತಿಂತಾರೆ."

"ತಿನ್ಲಿ," ಎಂದಳು. ಕ್ಲಿಪ್ಪು ಕಿತ್ತು ಕಾಲುಚೀಲವನ್ನು ತಿರುಗಿಸಿ ಹಾಕಿದಳು. "ನನ್ನ ಹೆಂಡ್ತಿ ಇಲ್ದೆ ನಾನು ಬರಲ್ಲ ಅಂತ ಅವರ ಬಾಯಲ್ಲಿ ಒಂದ್ಸಲ ಕೇಳ್ಬೇಕು ಕಣೋ. ನನ್ನೆದುರಿಗೆ ಹೇಳೋ ಪೈಕಿ ಅಲ್ಲ ಅವರು. ಬೇರೆಯವರ ಹತ್ರ ಹೇಳ್ತಾರೆ. ಕದ್ದು ಕೇಳ್ತೀನಿ, ಆಮೇಲೆ ನಕ್ಬಿಡೋಣ."

ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಹಡಗೂ ಅಲ್ಲ, ಹಿಮದ ಗುಡ್ಡವೂ ಅಲ್ಲ.

ಭಾವ ಕೆಳಗೆ ಪೆಟ್ಟಿಗೆಯ ಮುಂದೆ ಕೂತಿದ್ದರು. ನಿಲ್ದಾಣದಲ್ಲಿ ಕೊಟ್ಟಿದ್ದ ಫೋನು ನನ್ನ ಜೇಬಿನಲ್ಲಿತ್ತು. ಅದರ ನಂಬರು ಅವರಿಗೆ ಗೊತ್ತಿಲ್ಲ. ಸ್ಪೀಕರ್ ಸಣ್ಣಗೆ ಮಾಡಿದೆ. ಅಕ್ಕ ಟವೆಲ್ಲಿನ ಚುಂಗು ಬಾಯಿಗೆ ತುರುಕಿಕೊಂಡು ಕಿವಿ ಹತ್ತಿರ ತಂದಳು.

"ನಮಸ್ಕಾರ ಸರ್, ಹಡಗಿನ ಕಚೇರಿಯಿಂದ ಮಾತಾಡುತ್ತಿದ್ದೇವೆ. ತೊಂದರೆಗೆ ಕ್ಷಮೆ ಇರಲಿ. ನಿಮ್ಮ ಕೋಣೆ ಕೈತಪ್ಪಿದೆ ಸರ್. ಒಬ್ಬರಿಗೆ ಮಾತ್ರ ಜಾಗ ಇದೆ." ಸಕ್ಕರೆ ಪಾಕದಲ್ಲಿ ಅದ್ದಿದ ದನಿ. ಅಕ್ಕನ ಭುಜ ಆಗಲೇ ಕುಲುಕುತ್ತಿತ್ತು.

ಆ ಕಡೆ ಉಸಿರಿನ ಸದ್ದು. ಬೈಗುಳಕ್ಕೆ ಉಸಿರು ಎಳೆಯುತ್ತಿದ್ದಾರೆ ಎಂದುಕೊಂಡೆ.

"ಬೇಡವೆಂದರೆ ಮುಂದಿನ ವರ್ಷ ಇಬ್ಬರೂ ಒಟ್ಟಿಗೆ ಬರಬಹುದು ಸರ್," ಎಂದು ದಾರಿ ಬಿಟ್ಟುಕೊಟ್ಟೆ.

"ಮುಂದಿನ ವರ್ಷ ಯಾಕೆ," ಎಂದರು ಭಾವ. ಆಮೇಲೆ ದನಿ ತಗ್ಗಿಸಿ, "ಒಬ್ರಿಗೆ ಅಂದ್ರೆ, ಕಿಟಕಿ ಇರೋ ರೂಮು ಸಿಗುತ್ತಾ?"

ಫೋನ್ ಇಡಬೇಕಿತ್ತು. ಅಕ್ಕ ಇಡಬೇಡ ಎಂದು ಮಣಿಕಟ್ಟು ಹಿಡಿದಳು.

"ಸಿಗುತ್ತೆ ಸರ್. ಮೇಡಂಗೆ... ಮೇಡಂಗೆ ಬೇಸರ ಆಗಲ್ವಾ ಸರ್?"

"ಅವಳಿಗೆ ಚಳಿ ಆಗಿಬರಲ್ಲಮ್ಮಾ. ಹಠಕ್ಕೆ ಹೊರಟಿದ್ಲು ಅಷ್ಟೆ. ನೀವು ಕಿಟಕೀದು ಹಾಕಿ. ಅವಳಿಗೆ ನಾನು ಹೇಳ್ಕೋತೀನಿ."

ಅಕ್ಕ ಬಾಯಿಂದ ಟವೆಲ್ಲು ತೆಗೆದು, ಕೊಡವಿ, ತಂತಿಗೆ ಹಾಕಿದಳು. ಒಣಗಿದ ಟೋಪಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಹಿಂದೆ ನಾನು.

ಭಾವ ಕೆಲಸ ಶುರುಮಾಡಿಬಿಟ್ಟಿದ್ದರು. ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ, ತಮ್ಮದು ಒಂದೂ ಅಲುಗದಂತೆ, ಅಕ್ಕನದನ್ನಷ್ಟೇ ಎಳೆದು ತೆಗೆಯುತ್ತಿದ್ದರು. ಬೂಟಿನ ಹೊಟ್ಟೆಯಿಂದ ಕಾಲುಚೀಲ ಬಂತು. ಬಾಟಲಿಯ ಮೈಯಿಂದ ಮಫ್ಲರು ಬಿಚ್ಚಿಕೊಂಡಿತು. ಎಲ್ಲ ಮಂಚದ ಮೇಲೆ ಒಂದು ಸಣ್ಣ ಗುಡ್ಡೆ. ನಮ್ಮನ್ನು ಕಂಡು ಎದ್ದು ನಿಂತರು.

"ಬಾ ಕೂತ್ಕೋ. ಹಡಗಿನವರು ಫೋನ್ ಮಾಡಿದ್ರು. ಒಂದೇ ಜಾಗ ಅಂತೆ. ಮುಂದಿನ ವರ್ಷಕ್ಕೆ ಹಾಕಿ ಅಂದ್ರೆ ಅದೂ ಆಗಲ್ವಂತೆ. ಜಗಳಾನೇ ಆಡ್ದೆ ಕಣೇ ಅವರ ಹತ್ರ."

"ಏನಂತ?" ಎಂದಳು ಅಕ್ಕ.

"ಇನ್ನೇನಂತ? ನನ್ನ ಹೆಂಡ್ತಿ ಇಲ್ದೆ ನಾನು ಬರಲ್ಲ ಅಂತ."

ಅಕ್ಕ ಮಂಚದ ತುದಿಗೆ ಕೂತಳು.

"ಇನ್ನೊಂದ್ಸಲ ಹೇಳಿ."

"ನನ್ನ ಹೆಂಡ್ತಿ ಇಲ್ದೆ ನಾನು ಬರಲ್ಲ ಅಂದೆ. ನಿನ್ನಾಣೆ. ಅವರು ಕೇಳ್ಬೇಕಲ್ಲ."

"ಗಿಳಿ," ಎಂದಳು ಅಕ್ಕ, ನನ್ನ ಕಡೆ ತಿರುಗದೆ, "ಆ ಹುಡುಗಿ ಏನಂದ್ಲು, ಹೇಳೋ."

ನನಗೆ ಆಡಲು ಇಷ್ಟವಿರಲಿಲ್ಲ. ಆದರೂ ದನಿ ಬಂತು, ಹಾಳಾದ್ದು, ಅದೇ ಸಕ್ಕರೆ ಪಾಕದ ದನಿ. "ಕಿಟಕಿ ಇರುವ ಕೋಣೆ ಸಿಗುತ್ತೆ ಸರ್. ಮೇಡಂಗೆ ಬೇಸರ ಆಗಲ್ವಾ ಸರ್?"

ಭಾವನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಕೈಯಲ್ಲಿದ್ದ ಅಕ್ಕನ ಸ್ವೆಟರನ್ನು ಪೆಟ್ಟಿಗೆಗೆ ಹಾಕುವುದೋ ಗುಡ್ಡೆಗೆ ಹಾಕುವುದೋ ತಿಳಿಯದೆ ಅಲ್ಲಾಡಿಸಿದರು. ಕೊನೆಗೆ ಹಲ್ಲು ಬಿಟ್ಟರು.

"ಲೋ, ನಿನ್ನ ದನಿ ಅಂತ ನಂಗೆ ಆಗ್ಲೇ ಗೊತ್ತಾಯ್ತು. ನಾನೂ ನಾಟಕ ಆಡ್ದೆ. ಹೆಂಗೆ?" ಎಂದು ನಕ್ಕರು. ನಗದಿದ್ದರೆ ಏನು ಮಾಡುವುದೆಂದು ತೋಚದೆ ನಾನೂ ನಕ್ಕೆ.

ಆಗ ಅಕ್ಕ ಶುರುಮಾಡಿದಳು. ಉಣ್ಣೆ ಟೋಪಿಯನ್ನು ಕಿವಿ ಮುಚ್ಚುವ ತನಕ ಎಳೆದುಕೊಂಡು, ಆ ಸೆಕೆಯಲ್ಲಿ, ತನ್ನ ಬಟ್ಟೆಯ ಗುಡ್ಡೆಯ ಪಕ್ಕ ಕೂತು ನಕ್ಕಳು. "ಕಿಟಕೀದು ಹಾಕಿ," ಎಂದು ಗಂಡನ ದನಿ ತೆಗೆದು, ನನಗಿಂತ ಚೆನ್ನಾಗಿ ತೆಗೆದು, ನಕ್ಕಳು. ಭಾವನ ನಗು ಮೊದಲು ನಿಂತಿತು, ಆಮೇಲೆ ನನ್ನದು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಏನ್ರೀ ಅಷ್ಟೊಂದು ಖುಷಿ, ಹೊರಟ್ರಾ?" ಎಂದು ಕೂಗಿದಳು. ಅದನ್ನು ಕೇಳಿ ಅಕ್ಕ ಇನ್ನೂ ಜೋರಾಗಿ ನಕ್ಕಳು.