ಪುಟ್ಟಮಾದಯ್ಯನ ಎಡೆ

ಯಶೋದಮ್ಮ ಬ್ರಾಂದಿ ಪಾಕೀಟಿನ ಮೂಲೆ ಕತ್ತರಿಸಿ, ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಗಂಡನ ಎಡೆಯ ಪಕ್ಕದಲ್ಲಿಟ್ಟಿದ್ದು ನೋಡಿ ಗುರುಮಲ್ಲಯ್ಯ ದಂಗಾದ. ಬಾಳೆಲೆಯಲ್ಲಿ ಅನ್ನ, ಮಾಂಸದ ಸಾರು, ಕಜ್ಜಾಯ. ಹಿಂದೆ ಗೋಡೆಗೊರಗಿಸಿದ ಪುಟ್ಟಮಾದಯ್ಯನ ಫೋಟೋ. ಟೀ ಕೂಡ ಬೇಡ ಅನ್ನುತ್ತಿದ್ದ ಪುಣ್ಯಾತ್ಮನ ಮುಂದೆ ಬ್ರಾಂದಿ!

"ಇದ್ಯಾಕವ್ವ ಇದು?"

"ಹಿರೀಕ್ರಿಗೆ ಇಷ್ಟವಾದ್ದ ಮಡಗ್ಬೇಕಲ್ವಣ್ಣ? ಇಪ್ಪತ್ತೆರಡು ವರ್ಷದಿಂದ್ಲೂ ಪ್ರತಿ ಮಾರ್ನಮಿ ಹಬ್ಬಕ್ಕೆ ಮಡಗ್ತೀನಿ. ಕುಡೀತಿದ್ರು ಅಂತ ನೀನೇ ಯೋಳ್ದಲ್ಲ."

ಅಲ್ಲ, ಅವನು ಬಂದದ್ದಾದರೂ ಯಾವ ಕೆಲಸಕ್ಕೆ! ತೀರಿಹೋದ ಕ್ವಾರಿ ಯಜಮಾನ ಗಂಗಾಧರಸ್ವಾಮಿಯವರ ಕರಿಕಲ್ಲಿನ ಪ್ರತಿಮೆಯ ಅನಾವರಣ ಮಾರನೆಯ ದಿನ ಚಾಮರಾಜನಗರದಲ್ಲಿತ್ತು. ಅವರ ಮಗಳು ಸುಧಾಮಣಿ ಫೋನ್ ಮಾಡಿ, "ಹಳಬರ ಪರವಾಗಿ ನೀವೇ ಎರಡು ಮಾತಾಡಿ, ಗುರುಮಲ್ಲಣ್ಣ. ಯಶೋದಮ್ಮನೋರನ್ನೂ ಕರ್ಕೊಂಡು ಬನ್ನಿ, ಸೀರೆ ಕೊಟ್ಟು ಗೌರವಿಸ್ತೀವಿ" ಅಂದಿದ್ದಳು.

ಸ್ವಾಮಿಯವರು ಸಾಮಾನ್ಯ ಆಸಾಮಿಯಲ್ಲ. ಉಡಿಗಾಲ ಊರಿನಾಚೆಯ ಗುಡ್ಡದಲ್ಲಿ ಬರೀ ಆಡು ಮೇಯುತ್ತಿದ್ದ ಕಾಲಕ್ಕೆ ಹಳೇ ಜೀಪಿನಲ್ಲಿ ಬಂದು, ಬಂಡೆಗೆ ನೀರು ಸುರಿದು ಅದರ ಕಪ್ಪು ನೋಡಿ, "ಇದು ಸಮುದ್ರ ದಾಟೋ ಕಲ್ಲು ಕಣ್ಲಾ" ಅಂದವರು. ದಾಟಿಸಿಯೂ ಬಿಟ್ಟರು. ಜಪಾನಿನವರ ಗೋರಿಗೆ ಇಲ್ಲಿನ ಕಲ್ಲು ಹೋಯಿತು. ಶಾಲೆ ಕಟ್ಟಿಸಿದರು, ಕೂಲಿಯವರ ಮಕ್ಕಳ ಮದುವೆಗೆ ತಾವೇ ಬಂದು ಅಕ್ಷತೆ ಹಾಕಿದರು. ಗುಡ್ಡವಿದ್ದ ಜಾಗದಲ್ಲಿ ಈಗ ಹಸಿರು ನೀರು ನಿಂತ ಹೊಂಡವಿದೆ.

ಆ ಕ್ವಾರಿಯಲ್ಲಿ ಗುರುಮಲ್ಲಯ್ಯನ ಕೆಲಸ ಕೂಗುವುದು. ಮದ್ದು ಸಿಡಿಸುವ ಮುಂಚೆ ಬಂಡೆಗೆ ಒಂದು ಸುತ್ತು ಬಂದು, "ಮದ್ದು, ಮದ್ದು" ಎಂದು ಕೂಗಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಕೆಂಪು ಬಾವುಟ ಬೀಸಬೇಕು. ಇಪ್ಪತ್ತೆರಡು ವರ್ಷದ ಹಿಂದೆ, ಅವತ್ತು, ಲಾರಿ ಕಾಯುತ್ತಿತ್ತು. "ಎಷ್ಟೊತ್ಲಾ ಸುತ್ತೋದು, ಬೀಸು" ಎಂದು ಸ್ವಾಮಿಯವರು ಜೀಪಿನಿಂದಲೇ ಗದರಿದರು. ಇವನು ಸುತ್ತೂ ಬರದೆ, ಕೂಗೂ ಹಾಕದೆ ಬೀಸಿಬಿಟ್ಟ. ಬಂಡೆಯ ಹಿಂದೆ ಜೊತೆಯ ಕೂಲಿ ಪುಟ್ಟಮಾದಯ್ಯ ನೀರು ಕುಡಿಯುತ್ತಾ ಕೂತಿದ್ದ. ಆಮೇಲೆ ಪೊಲೀಸರ ಮುಂದೆ, ಸ್ವಾಮಿಯವರು ಹೇಳಿಕೊಟ್ಟಂತೆ, "ನಾನು ಕೂಗಿದ್ದೆ ಸಾರ್, ಕುಡ್ದು ಮಲ್ಗಿದ್ದ, ಏಳ್ನಿಲ್ಲ" ಎಂದ. ಯಶೋದಮ್ಮನಿಗೂ ಅದನ್ನೇ ಹೇಳಿದ. ತಿಂಗಳೊಪ್ಪತ್ತಿನಲ್ಲಿ ಮೇಸ್ತ್ರಿಯೂ ಆದ.

"ಮನೇಲಿ ಒಂದಿನಾನೂ ವಾಸ್ನೆ ಬರ್ನಿಲ್ಲ ಕಣಣ್ಣ," ಯಶೋದಮ್ಮ ಲೋಟವನ್ನು ಎಲೆಗೆ ಇನ್ನಷ್ಟು ಹತ್ತಿರ ಸರಿಸಿದಳು. "ನನ್ಗೆ ಎದ್ರಿ ಅಲ್ಲಿ ಕದ್ದು ಕುಡೀತಿದ್ರು ಅನ್ಸುತ್ತೆ. ನನ್ ಬಾಯೂ ಅಂಗೇ ಇತ್ತು ಬುಡು. ನಾನೊಸಿ ಮೆತ್ಗಿದ್ದಿದ್ರೆ ಮನೇಲೇ ಕುಡ್ದು ಮನೇಲೇ ಮಲಗೋರು. ಉಳ್ಕೊಳ್ಳೋರು. ಸತ್ಮೇಲಾದ್ರೂ ಎದರ್ದಂಗೆ ಕುಡೀಲಿ."

ಅಯ್ಯೋ ಶಿವನೇ! ಸತ್ತವನ ಮೇಲಷ್ಟೇ ತಪ್ಪು ಹೊರಿಸಿದ್ದೆ ಅಂದುಕೊಂಡಿದ್ದ ಗುರುಮಲ್ಲಯ್ಯ. ಇಷ್ಟು ವರ್ಷ ಇವಳೂ ಅದನ್ನು ಹೊತ್ತುಕೊಂಡು ಕೂತಿದ್ದಳಲ್ಲ.

"ಅವ ಕುಡ್ದಿರ್ನಿಲ್ಲ ಕಣವ್ವ," ಎಂದ. "ನಾನು ಕೂಗ್ನಿಲ್ಲ. ಒಂದ್ ಸುತ್ತೂ ಓಗ್ನಿಲ್ಲ. ಯಜಮಾನ್ರು ಅಂಗನ್ನು ಅಂದ್ರು, ಅಂದ್ಬುಟ್ಟೆ. ಪಾಪಿ ನಾನು."

ಅವಳು ಕಿರುಚುತ್ತಾಳೆ, ಮಣ್ಣು ತೂರುತ್ತಾಳೆ ಅಂತ ಕಾದ. ಯಶೋದಮ್ಮ ಲೋಟ ಎತ್ತಿಕೊಂಡು ಹಿತ್ತಲಿಗೆ ಹೋಗಿ ಚೆಲ್ಲಿದಳು. ಬೂದಿ ಹಾಕಿ ಉಜ್ಜಿ ತೊಳೆದಳು, ಮೂಸಿ ನೋಡಿ ಮತ್ತೆ ತೊಳೆದಳು. ಮಡಕೆಯಿಂದ ನೀರು ತುಂಬಿ ತಂದು ಎಲೆಯ ಪಕ್ಕದಲ್ಲಿಟ್ಟು, ಹಿರಿಯರು ಬಂದು ಉಣ್ಣಲೆಂದು ಕದ ಮುಂದೆಳೆದುಕೊಂಡು ಹೊರಗೆ ಬಂದಳು.

ಜಗಲಿಯಲ್ಲಿ ಕೂತಳು. ಇವನಿಗೆ ಕುಂತ್ಕೊ ಅನ್ನಲಿಲ್ಲ. ಸುಧಾಮಣಿಯ ಕರೆ ಬಂದು ಅವನ ಜೇಬಿನಲ್ಲಿ ಫೋನ್ ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಬಿಸಿಲು ಅಂಗಳ ದಾಟಿ ಬೇಲಿಗೆ ಹೋಯಿತು.

"ಉಂಡಿರ್ತಾರೆ," ಎಂದಳು ಕೊನೆಗೆ. ಒಳಗಿರುವವರಿಗೆ ತಿಳಿಯುವಂತೆ ಒಂದು ಕೂಗು ಹಾಕದೆ ಎಡೆಯ ಕದ ತೆಗೆಯುವಂತಿಲ್ಲ. "ಕದ ತಗೀಬೇಕು. ನೀನೇ ಕೂಗು."

ಗುರುಮಲ್ಲಯ್ಯ ಕದದ ಮುಂದೆ ಹೋಗಿ ನಿಂತ. ಹಲಗೆಯ ಮೇಲೆ ಕೈಯಿಟ್ಟು ಬಾಯಿ ತೆರೆದ. ಯಶೋದಮ್ಮ ಕಾಯುತ್ತಿದ್ದಳು.